ವಿಯೆಟ್ನಾಂ ಯುದ್ಧದ ಹೊಣೆ ಯಾರದು? ವಾಚನಾಲಯದಲ್ಲಿ ಚರ್ಚೆ ನಡೆಸುವ ಬಗೆ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ವಾಚನಾಲಯದಲ್ಲಿ ಭಾನುವಾರ ಚರ್ಚೆ ಇಟ್ಟರೆ ಜನ ಬರುತ್ತಾರೆ. ವಿಯೆಟ್ನಾಂ ಅಂದರೆ ಇನ್ನೂ ಜಾಸ್ತಿ. ಕಷ್ಟ ಇರುವುದು ಬೇರೆ ಕಡೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದು ಪಕ್ಷದ ಮೀಟಿಂಗ್ ಆಗಿರುತ್ತದೆ. ಒಬ್ಬರು ಅಮೆರಿಕವನ್ನು ಬೈದರೆ, ಇನ್ನೊಬ್ಬರು "ರಷ್ಯಾ, ಚೀನಾ ಏನು ಸಾಚಾನಾ ಮಾಷ್ಟ್ರೇ?" ಅಂತ ಎದ್ದು ನಿಲ್ಲುತ್ತಾರೆ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ಟೀಚರ್ ನಾನು. ಈ ಗಲಾಟೆ ತಪ್ಪಿಸಲು ಹೀಗೆ ಮಾಡುತ್ತೇನೆ.

ಮೊದಲು ದೇಶಗಳ ಹೆಸರು ಬದಿಗಿಡಿ. "ಅಮೆರಿಕ ಮಾಡಿತು" ಅಂದರೆ ಯಾರೂ ಸಿಕ್ಕಿಬೀಳುವುದಿಲ್ಲ. ದಪ್ಪ ಕಾಗದದ ಚೀಟಿಗಳನ್ನು ಕತ್ತರಿಸಿ, ಒಂದೊಂದರಲ್ಲಿ ಒಬ್ಬ ಮನುಷ್ಯ, ಒಂದು ತಾರೀಕು ಬರೆಯಿರಿ. ಕೆಳಗೆ ಎರಡು ಪ್ರಶ್ನೆ: ಆ ದಿನ ಇವನಿಗೆ ಏನು ಗೊತ್ತಿತ್ತು? ಬೇರೆ ಏನು ಮಾಡಬಹುದಿತ್ತು?

ನಾನು ಶುರು ಮಾಡುವುದು 1964ರ ಆಗಸ್ಟಿನಿಂದ. ಟೊಂಕಿನ್ ಕೊಲ್ಲಿಯಲ್ಲಿ ಆಗಸ್ಟ್ 2ರಂದು ಅಮೆರಿಕದ ಹಡಗಿನ ಮೇಲೆ ಕಮ್ಯುನಿಸ್ಟ್ ಉತ್ತರ ವಿಯೆಟ್ನಾಮಿನ ದಾಳಿ ಆದದ್ದು ನಿಜ. 4ರಂದು ಮತ್ತೆ ದಾಳಿ ಆಯಿತು ಅಂದರಲ್ಲ, ಅದು ನಡೆದೇ ಇರಲಿಲ್ಲ. ಆದರೂ ಅಧ್ಯಕ್ಷ ಜಾನ್ಸನ್ ಕೈಗೆ ಯುದ್ಧ ಮಾಡುವ ಅಧಿಕಾರ ಕೊಡಲು 7ರಂದು ಅಮೆರಿಕದ ಸಂಸತ್ತು ಒಪ್ಪಿತು. ಕೆಳಮನೆಯಲ್ಲಿ 416 ಮತ, ವಿರೋಧ ಸೊನ್ನೆ. ಸೆನೆಟಿನಲ್ಲಿ 88ಕ್ಕೆ 2. ಆ ಇಬ್ಬರ ಹೆಸರು, ಮೋರ್ಸ್ ಮತ್ತು ಗ್ರೂನಿಂಗ್, ಚೀಟಿಯಲ್ಲಿ ಇರಲೇಬೇಕು. "ಆಗ ಯಾರಿಗೂ ಗೊತ್ತಿರಲಿಲ್ಲ" ಎನ್ನುವವರ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ಮುಂದಿನ ಚೀಟಿ ರಕ್ಷಣಾ ಕಾರ್ಯದರ್ಶಿ ಮೆಕ್ನಮಾರನದು. ಇದಕ್ಕೆ ಸಮಯ ಜಾಸ್ತಿ ಕೊಡಿ. ಬಾಂಬು ಹಾಕಿ ಪ್ರಯೋಜನ ಇಲ್ಲ ಅಂತ 1967ರಲ್ಲೇ ಅಧ್ಯಕ್ಷರಿಗೆ ಬರೆದು ಕೊಟ್ಟವನು. 1968ರಲ್ಲಿ ಕುರ್ಚಿ ಬಿಟ್ಟ. ನಾವು ಮಾಡಿದ್ದು ತಪ್ಪು ಅಂತ ಬಹಿರಂಗವಾಗಿ ಒಪ್ಪಿಕೊಂಡದ್ದು 1995ರಲ್ಲಿ. ನಂಬಿ ಮಾಡಿದವನಿಗಿಂತ, ಆಗದು ಅಂತ ಗೊತ್ತಿದ್ದೂ ಸುಮ್ನೆ ಕೂತವನ ಹೊಣೆ ದೊಡ್ಡದು ಅಂತ ನನ್ನ ಲೆಕ್ಕ. ನೀವು ಒಪ್ಪಬೇಕಾಗಿಲ್ಲ.

ಸಣ್ಣವರನ್ನೂ ಬಿಡಬೇಡಿ. 1968ರ ಮಾರ್ಚ್ 16ರಂದು ಮಿ ಲಾಯ್ ಊರಲ್ಲಿ ಸೈನಿಕರು ಹೆಂಗಸರು ಮಕ್ಕಳೆನ್ನದೆ ಕೊಂದರು. ಅದೇ ಸೈನ್ಯದ ಪೈಲಟ್ ಹ್ಯೂ ಥಾಂಪ್ಸನ್ ಹೆಲಿಕಾಪ್ಟರ್ ಇಳಿಸಿ, ತನ್ನವರಿಗೇ ಅಡ್ಡ ನಿಂತು ಕೆಲವರನ್ನು ಉಳಿಸಿದ. "ಆರ್ಡರ್ ಇತ್ತು, ಏನು ಮಾಡೋದು" ಎಂಬ ಮಾತು ಬಂದ ಕೂಡಲೇ ಈ ಚೀಟಿ ಮೇಜಿನ ಮೇಲೆ ಹಾಕಿ.

ರಷ್ಯಾ, ಚೀನಾದ ಮಾತು ಬಂದೇ ಬರುತ್ತದೆ. ತಡೆಯಬೇಡಿ. ಉತ್ತರ ವಿಯೆಟ್ನಾಮಿನ ಹನೋಯಿ ಸರಕಾರಕ್ಕೆ ಕ್ಷಿಪಣಿ ಕೊಟ್ಟದ್ದು ಮಾಸ್ಕೋ. ಉತ್ತರದಲ್ಲಿ ರಸ್ತೆ ರಿಪೇರಿಗೆ, ವಿಮಾನ ಹೊಡೆಯುವ ಫಿರಂಗಿಗೆ ಸೈನಿಕರನ್ನು ಕಳಿಸಿದ್ದು ಪೀಕಿಂಗ್, ಅಂದರೆ ಚೀನಾ. 1968ರಲ್ಲಿ ದಕ್ಷಿಣ ವಿಯೆಟ್ನಾಮಿನ ಹ್ಯೂ ಎಂಬ ನಗರ ಹಿಡಿದಾಗ ಕಮ್ಯುನಿಸ್ಟ್ ಪಡೆಗಳೂ ಸಾಮಾನ್ಯ ಜನರನ್ನು ಸಾಲಾಗಿ ಕೊಂದವು. ಎಲ್ಲವನ್ನೂ ಬರೆಯಿರಿ. ಆದರೆ ಒಂದು ನಿಯಮ ಮೊದಲೇ ಹೇಳಿಬಿಡಿ. ಹೊಣೆ ಅಂದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ಅಡಿಕೆ ತೋಟ ಅಲ್ಲ. ಒಬ್ಬನ ಪಾಲು ಹೆಚ್ಚಾಯಿತು ಅಂತ ಇನ್ನೊಬ್ಬನದು ಕಡಿಮೆ ಆಗುವುದಿಲ್ಲ. ಈ ನಿಯಮ ಹೇಳದಿದ್ದರೆ ಇಡೀ ಮಧ್ಯಾಹ್ನ "ಅವರು ಮಾಡಿಲ್ವಾ?" ಅಂತಲೇ ಮುಗಿಯುತ್ತದೆ.

ಚಹಾ, ಗೋಳಿಬಜೆ ಆದ ಮೇಲೆ ಏಜೆಂಟ್ ಆರೆಂಜ್ ಎತ್ತಿ. 1961ರಿಂದ 1971ರವರೆಗೆ ಏಳು ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕವನ್ನು ಅಮೆರಿಕದವರು ವಿಮಾನದಿಂದ ಕಾಡಿಗೆ, ಗದ್ದೆಗೆ ಸುರಿದರು. ಆ ಮದ್ದುಗಳಲ್ಲಿ ಮುಖ್ಯವಾದದ್ದು ಇದು. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದನ್ನು ಕಂಡವರು ಅಲ್ಲೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರನ್ನೇ ಕೇಳಿ: ಮದ್ದು ಬಿಟ್ಟವನು, ತಯಾರಿಸಿದವನು, ಕಾಗದಕ್ಕೆ ಸಹಿ ಹಾಕಿದವನು, ಇವರಲ್ಲಿ ಯಾರು ಹೊಣೆ? ಪುಸ್ತಕ ಓದಿ ಬಂದವರಿಗಿಂತ ನೇರ ಉತ್ತರ ಅಲ್ಲಿ ಸಿಗುತ್ತದೆ. ಹೆಸರು ಹಿಡಿದು ಯಾರ ಮನೆಯ ಮಗುವನ್ನೂ ಉದಾಹರಣೆ ಮಾಡಬೇಡಿ, ಅಷ್ಟೇ.

ಆಮೇಲೆ ಪರಿಹಾರದ ವಿಷಯ. ಮದ್ದು ತಯಾರಿಸಿದ ಕಂಪೆನಿಗಳು 1984ರಲ್ಲಿ ಅಮೆರಿಕದ ಮಾಜಿ ಸೈನಿಕರಿಗೆ 18 ಕೋಟಿ ಡಾಲರ್ ಕೊಡಲು ಒಪ್ಪಿದವು. ವಿಯೆಟ್ನಾಮಿನ ಸಂತ್ರಸ್ತರು ಹಾಕಿದ ಕೇಸನ್ನು ಅಮೆರಿಕದ ಕೋರ್ಟು 2005ರಲ್ಲಿ ವಜಾ ಮಾಡಿತು. ಮದ್ದು ಒಂದೇ, ಅಲ್ವಾ? ಇಲ್ಲಿ ಐದು ನಿಮಿಷ ಯಾರೂ ಮಾತಾಡದಿದ್ದರೂ ನೀವು ಮಧ್ಯೆ ಬಾಯಿ ಹಾಕಬೇಡಿ.

ಭಾರತಕ್ಕೂ ಒಂದು ಚೀಟಿ ಬೇಕು. ವಿಯೆಟ್ನಾಮನ್ನು ತಾತ್ಕಾಲಿಕವಾಗಿ ಉತ್ತರ, ದಕ್ಷಿಣ ಅಂತ ಎರಡು ಮಾಡಿದ 1954ರ ಜಿನೀವಾ ಒಪ್ಪಂದದ ಉಸ್ತುವಾರಿ ಆಯೋಗಕ್ಕೆ ನಾವೇ ಅಧ್ಯಕ್ಷರು, ಜೊತೆಗೆ ಕೆನಡಾ, ಪೋಲೆಂಡ್. ಎರಡನ್ನೂ ಒಂದು ಮಾಡಲು 1956ರಲ್ಲಿ ಆಗಬೇಕಿದ್ದ ಚುನಾವಣೆ ಆಗಲೇ ಇಲ್ಲ. ಅಧಿಕಾರ ಇಲ್ಲದ ಕಾವಲುಗಾರನ ಹೊಣೆ ಎಷ್ಟು? ಪ್ಲಸ್ ಟೂ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟು ನೋಡಿ.

ಕೊನೆಗೆ ವೋಟು ಹಾಕಿಸಬೇಡಿ. ಪ್ರತಿಯೊಬ್ಬರೂ ಒಂದು ಚೀಟಿ ಎತ್ತಿ ಎರಡು ವಾಕ್ಯ ಬರೆಯಲಿ, ಸಾಕು. ಕಾಂಬೋಡಿಯಾವನ್ನು ಮಾತ್ರ ಇದೇ ದಿನ ತುರುಕಲು ಹೋಗಬೇಡಿ. 1969ರಲ್ಲಿ ಅಮೆರಿಕ ಅಲ್ಲಿ ಮಾಡಿದ ಗುಟ್ಟಿನ ಬಾಂಬು ದಾಳಿ, ಅಲ್ಲಿನ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್‌ಗೆ ಚೀನಾದ ಬೆಂಬಲ, 1979ರಲ್ಲಿ ಅವರು ಸೋತ ಮೇಲೂ ವಿಶ್ವಸಂಸ್ಥೆಯ ಸೀಟು ಅವರ ಬಳಿಯೇ ಉಳಿಯಲು ಅಮೆರಿಕ, ಚೀನಾ ಎರಡೂ ಕೈ ಎತ್ತಿದ್ದು, ಇಷ್ಟಕ್ಕೇ ಇನ್ನೊಂದು ಭಾನುವಾರ ಬೇಕು.