‘ನಾಳೆ ಕೊಡ್ತೇನೆ’ ಅನ್ನುವುದನ್ನು ನಾನು ಬಿಟ್ಟದ್ದು ಹೇಗೆ

ಮಂಗಳೂರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಎರಡು ಮಷಿನ್, ಬಟ್ಟೆಯ ಅಂಚಿನ ನೂಲು ಬಿಡದ ಹಾಗೆ ಹೊಲಿಯುವ ಒಂದು ಓವರ್‌ಲಾಕ್, ಕಟಿಂಗ್ ಮೇಜು, ಒಂದು ನಿಲುವುಗನ್ನಡಿ. ಇಪ್ಪತ್ತಮೂರು ವರ್ಷದಿಂದ ಹೊಲಿಯುತ್ತಿದ್ದೇನೆ, ಅದರಲ್ಲೂ ರವಿಕೆಗಳೇ ಜಾಸ್ತಿ. ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಭಾನುವಾರದ ಆರಾಧನೆ, ಸಂಡೆ ಸ್ಕೂಲ್‌ನಲ್ಲಿ ಮಕ್ಕಳಿಗೆ ಪಾಠ, ಹೆಂಗಸರ ಕೂಟ, ಯಾವುದನ್ನೂ ತಪ್ಪಿಸಿದವಳಲ್ಲ. ಆದರೆ ತುಂಬ ವರ್ಷ ಇದೇ ದೇವರ ಕೆಲಸ, ಅಂಗಡಿ ಹೊಟ್ಟೆಪಾಡು ಅಂತಲೇ ಅಂದುಕೊಂಡಿದ್ದೆ. ಬಾಗಿಲು ತೆರೆಯುವಾಗ ಒಂದು ಪ್ರಾರ್ಥನೆ ಮಾಡುತ್ತಿದ್ದೆ. ಆಮೇಲೆ ದೇವರಿಗೂ ಅಲ್ಲಿ ನಡೆಯುವುದಕ್ಕೂ ಸಂಬಂಧ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಕೆಲವು ಮಾತು ತಾನಾಗಿ ಬಾಯಿಗೆ ಬರುತ್ತವೆ. “ನಾಳೆ ಬನ್ನಿ, ರೆಡಿ ಇರ್ತದೆ.” “ಹುಕ್ಸ್ ಹಾಕುವುದೊಂದೇ ಬಾಕಿ.” ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ. ಬಂದ ಗಿರಾಕಿಯನ್ನು ಬಿಡಬಾರದು, ಮೊದಲು ಬಟ್ಟೆ ಇಸಿದುಕೊಳ್ಳಬೇಕು, ಉಳಿದದ್ದು ಆಮೇಲೆ. ಇದನ್ನು ಸುಳ್ಳು ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ ಮೂಡುಬಿದಿರೆ ಕಡೆಯ ಒಬ್ಬರು ಹೆಂಗಸು ಮೂರನೇ ಸಲ ಬಂದರು. ಮಗಳ ಸೀಮಂತಕ್ಕೆ ಅವರಿಗೊಂದು ರವಿಕೆ ಆಗಬೇಕಿತ್ತು. ಹಿಂದಿನ ಎರಡು ಸಲವೂ ನಾನು “ನಾಳೆ” ಅಂದಿದ್ದೆ. ಅವತ್ತೂ ಆಗಿರಲಿಲ್ಲ. ಅವರು ಬೈಯಲಿಲ್ಲ. ಕವರಿನಿಂದ ಬಟ್ಟೆ ತೆಗೆದು ಬಿಡಿಸಿ ನೋಡಿದರು. ಹಾಗೇ ಮಡಚಿ ಚೀಲಕ್ಕೆ ಹಾಕಿಕೊಂಡರು. “ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರೆ ಊರಲ್ಲೇ ಎಲ್ಲಾದರೂ ಕೊಡ್ತಿದ್ದೆ ಅಕ್ಕ. ಬಸ್ ಚಾರ್ಜು ಹೋಗಲಿ, ಮೂರು ದಿನದ ಬೀಡಿ ಹೋಯಿತು” ಅಂದರು.

ಅವರು ಮನೆಯಲ್ಲಿ ಬೀಡಿ ಕಟ್ಟುವವರು. ಎಷ್ಟು ಕಟ್ಟಿದರೋ ಅಷ್ಟಕ್ಕೇ ದುಡ್ಡು. ನನ್ನ ಒಂದೊಂದು “ನಾಳೆ”ಗೂ ಅವರ ಒಂದೊಂದು ದಿನದ ಕೂಲಿ ಹೋಗಿತ್ತು. ‘ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ’ ಅಂತ ಯೇಸು ಹೇಳಿದ್ದನ್ನು ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದವಳು ನಾನು. ಅದು ನನ್ನ ರಶೀದಿ ಪುಸ್ತಕದ ತಾರೀಖಿಗೂ ಸೇರಿದ ಮಾತು ಅಂತ ಗೊತ್ತಾದದ್ದು ಅವತ್ತು. ಆ ರಾತ್ರಿ ಊಟ ಸೇರಲಿಲ್ಲ.

ನಿಜ ಹೇಳಬೇಕೆಂದರೆ ನಮ್ಮ ಮನೆಗೆ ಇದು ಹೊಸ ವಿಷಯ ಆಗಬಾರದಿತ್ತು. ಅಜ್ಜಿಯ ಅಮ್ಮ ಇಲ್ಲೇ ಮಂಗಳೂರಿನ ಜೆಪ್ಪಿನ ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಿಂದ ಕ್ರೈಸ್ತರಾದವರಲ್ಲಿ ಬಿಲ್ಲವರು ತುಂಬ ಜನ. ಬಿಲ್ಲವರ ಕಳ್ಳು ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಇತ್ತ ಜಾತಿಯವರ ಆಸರೆಯೂ ತಪ್ಪುತ್ತಿತ್ತು. ಬರೀ ಬೋಧನೆಯಿಂದ ಹೊಟ್ಟೆ ತುಂಬುತ್ತದೆಯೇ? 1841ರಲ್ಲಿ ಛಾಪಖಾನೆ ಶುರುವಾಗಿತ್ತು, ಆಮೇಲೆ ನೇಯ್ಗೆ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಹಂಚಿನ ಕಾರ್ಖಾನೆ ತೆರೆದರು. ನಮ್ಮ ಹಿರಿಯರಿಗೆ ಹೊಸ ನಂಬಿಕೆ, ಹೊಸ ಕೆಲಸ ಎರಡೂ ಒಟ್ಟಿಗೇ ಬಂದವು. ಒಡಕು ಹಂಚನ್ನು ಒಳ್ಳೆಯದರ ನಡುವೆ ಸೇರಿಸಿ ಕಳಿಸುವುದು ಪಾಪ ಅಂತ ಅಜ್ಜಿಯ ಅಮ್ಮ ಹೇಳುತ್ತಿದ್ದರಂತೆ. “ಬೆರಳಲ್ಲಿ ತಟ್ಟಿದರೆ ಹಂಚೇ ಹೇಳ್ತದೆ” ಅನ್ನುತ್ತಿದ್ದರು ಅಜ್ಜಿ. ಚಿಕ್ಕಂದಿನಲ್ಲಿ ಮನೆಯ ಮಾಡಿನಿಂದ ತೆಗೆದ ಹಂಚನ್ನು ತಟ್ಟಿ ತಟ್ಟಿ ಕೇಳಿದ್ದು ನನಗೆ ನೆನಪಿದೆ. ಒಳ್ಳೆಯದು ಗಂಟೆಯ ಹಾಗೆ ನುಡಿಯುತ್ತದೆ.

ಇನ್ನೊಂದು, ಬೈಬಲಿನಲ್ಲಿ ನನ್ನ ಕಸುಬಿನವರೇ ಇದ್ದಾರೆ. ಯೇಸುವಿನ ವಿಷಯ ಊರೂರಿಗೆ ಸಾರಿದ ಪೌಲ ಗುಡಾರ ಮಾಡುವವನು. ಕೊರಿಂಥ ಪಟ್ಟಣದಲ್ಲಿ ಅವನು ಇಳಿದುಕೊಂಡದ್ದು ಅದೇ ಕಸುಬಿನ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಮನೆಯಲ್ಲಿ. ಆದರೆ ನನಗೆ ಹತ್ತಿರದವಳು ಯೊಪ್ಪ ಪಟ್ಟಣದ ತಬಿಥಾ, ದೊರ್ಕ ಅಂತಲೂ ಕರೆಯುತ್ತಾರೆ. ಅವಳು ಸತ್ತಾಗ ವಿಧವೆಯರು ಯೇಸುವಿನ ಶಿಷ್ಯ ಪೇತ್ರನ ಸುತ್ತ ನಿಂತು ಅಳುತ್ತಾ ಅವಳು ಮಾಡಿಕೊಟ್ಟ ಅಂಗಿಗಳನ್ನು ತೋರಿಸುತ್ತಾರೆ. ಅವಳು ಆಡಿದ ಒಂದು ಮಾತೂ ಬೈಬಲಿನಲ್ಲಿಲ್ಲ, ಅವಳು ಮಾಡಿದ ಬಟ್ಟೆ ಇದೆ. ಅದನ್ನು ಓದುವಾಗೆಲ್ಲ ನನ್ನ ಕಣ್ಣು ತುಂಬುತ್ತದೆ.

ಸರಿ, ಮಾಡಿದ್ದೇನು ಅಂತ ಹೇಳುತ್ತೇನೆ. ಮೊದಲು ಒಂದು ವಾರ ಗಡಿಯಾರ ನೋಡಿಕೊಂಡು ಹೊಲಿದೆ. ಲೈನಿಂಗ್ ಇರುವ ರವಿಕೆಗೆ ಕಟಿಂಗ್ ಸೇರಿ ಎರಡೂವರೆ ಗಂಟೆ. ಅಳತೆ ತೆಗೆಯುವುದು, ಫೋನು, ಕರೆಂಟ್ ಹೋಗುವುದು ಎಲ್ಲ ಕಳೆದು ಮಷಿನ್ ಮುಂದೆ ಕೂರಲು ಸಿಗುವುದು ಏಳೂವರೆ ಗಂಟೆ. ಅಂದರೆ ದಿನಕ್ಕೆ ಮೂರು. ಸೀಸನ್‌ನಲ್ಲಿ ನಾನು ದಿನಕ್ಕೆ ಎಂಟು ಒಪ್ಪಿಕೊಳ್ಳುತ್ತಿದ್ದೆ! ಉಳಿದ ಐದು ರವಿಕೆಯ ಮಾತೂ ಸುಳ್ಳೇ ಅಲ್ವಾ.

ಆಮೇಲೆ ಒಂದು ಪುಸ್ತಕ ಮಾಡಿದೆ. ಪ್ರತಿ ತಾರೀಖಿಗೆ ಒಂದು ಪುಟ, ಪುಟಕ್ಕೆ ಮೂರು ಗೆರೆ. ಮೂರು ತುಂಬಿದರೆ ಮುಂದಿನ ಪುಟ. ಶುಕ್ರವಾರದ ಪುಟ ಖಾಲಿ. ಜ್ವರ ಬಂದು ಬಾಕಿ ಉಳಿದದ್ದು, ಆಲ್ಟರ್ ಮಾಡಬೇಕಾದದ್ದು ಅಲ್ಲಿಗೆ ಹೋಗುತ್ತದೆ. ಭಾನುವಾರಕ್ಕೆ ಮೊದಲೇ ಗೀಟು ಹಾಕಿಡುತ್ತೇನೆ, ದೀಪಾವಳಿ ಹತ್ತಿರದ ಭಾನುವಾರಕ್ಕೂ. ಮೊದಲೆಲ್ಲ ಶನಿವಾರ ರಾತ್ರಿ ಒಂದು ಗಂಟೆಯವರೆಗೆ ಹೊಲಿದು ಮರುದಿನ ಆರಾಧನೆಯಲ್ಲಿ ತೂಕಡಿಸುತ್ತಿದ್ದೆ. ಹಾಗೆ ದುಡಿಯುವುದೇ ಭಕ್ತಿ ಅಂತ ಆಗ ನಂಬಿದ್ದೆ. ಈಗ ನಂಬುವುದಿಲ್ಲ.

ರವಿಕೆಯ ಒಳಗೂ ಒಂದು ಬದಲಾವಣೆ ಆಯಿತು. ಪಕ್ಕದ ಹೊಲಿಗೆಯಲ್ಲಿ ಒಳಗಡೆ ಒಂದು ಇಂಚು ಬಟ್ಟೆ ಬಿಡಬಹುದು. ಮೈ ಸ್ವಲ್ಪ ದಪ್ಪ ಆದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಬರುತ್ತದೆ. ಅವಸರದಲ್ಲಿ ನಾನು ಅದನ್ನು ಕತ್ತರಿಸಿ ಓವರ್‌ಲಾಕ್ ಹೊಡೆದು ಬಿಡುತ್ತಿದ್ದೆ. ನೋಡಲು ನೀಟು, ಆದರೆ ಎರಡು ವರ್ಷ ಕಳೆದರೆ ರೇಷ್ಮೆ ಸೀರೆಯ ರವಿಕೆ ಮೂಲೆಗೆ. ಈಗ ಒಂದಿಂಚು ಬಿಟ್ಟು, ಸಡಿಲ ಮಾಡುವಾಗ ಬಿಚ್ಚಲು ಸುಲಭ ಆಗುವ ಹಾಗೆ ಉದ್ದ ಉದ್ದ ಹೊಲಿಗೆಯ ಗೆರೆಯನ್ನೂ ಹಾಕಿಕೊಡುತ್ತೇನೆ. ಉಳಿದ ತುಂಡು ಬಟ್ಟೆಯನ್ನೂ ಕವರಿಗೆ ಹಾಕಿ ವಾಪಸ್ ಕೊಡುತ್ತೇನೆ. ಬಾಬಿನ್‌ಗೆ ನೂಲು ಸುತ್ತುವಾಗ ಆ ರವಿಕೆ ಯಾರದೋ ಅವರ ಹೆಸರು ಹೇಳಿ ಒಂದು ಸಣ್ಣ ಪ್ರಾರ್ಥನೆ. ಅವರು ಯಾವ ಧರ್ಮದವರಾದರೂ ಸರಿ.

ಎಲ್ಲಕ್ಕಿಂತ ಕಷ್ಟ ಆದದ್ದು ಕೂಲಿಯ ವಿಷಯ. ಹೆಮ್ಮಿಂಗ್, ಹುಕ್ಸ್ ಕೆಲಸವನ್ನು ಹತ್ತಿರದ ಮನೆಯ ಒಬ್ಬರಿಗೆ ಕೊಡುತ್ತೇನೆ. “ಗಿರಾಕಿ ಕೊಟ್ಟ ಮೇಲೆ ಕೊಡ್ತೇನೆ” ಅಂತ ಅವರ ಹಣ ತಿಂಗಳುಗಟ್ಟಲೆ ನನ್ನಲ್ಲೇ ಉಳಿಯುತ್ತಿತ್ತು. ಕೊಯ್ದವರಿಗೆ ಕೊಡದೆ ಇಟ್ಟುಕೊಂಡ ಕೂಲಿ ಕೂಗುತ್ತದೆ ಅಂತ ಬೈಬಲಿನ ಯಾಕೋಬನ ಪತ್ರಿಕೆಯಲ್ಲಿದೆ. ಈಗ ಪ್ರತಿ ಶನಿವಾರ ಸಂಜೆ ಲೆಕ್ಕ ಚುಕ್ತಾ. ಗಿರಾಕಿ ಕೊಡಲಿ, ಬಿಡಲಿ. ಏನು ಮಾಡಿದರೂ ಕರ್ತನಿಗೋಸ್ಕರ ಅಂತ ಮನಸಾರೆ ಮಾಡಿ ಅನ್ನುವ ಮಾತು ನಮ್ಮವರಿಗೆಲ್ಲ ಇಷ್ಟ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಅದು ದಾಸರಿಗೆ ಹೇಳಿದ ಮಾತು. ಅದೇ ಪತ್ರಿಕೆಯಲ್ಲಿ ಸ್ವಲ್ಪ ಕೆಳಗೆ ಧಣಿಗಳಿಗೂ ಹೇಳಿದೆ, ನ್ಯಾಯವಾದದ್ದನ್ನು ಕೊಡಿ ಅಂತ. ಕೆಳಗಿನದನ್ನು ಬಿಟ್ಟು ಮೇಲಿನದನ್ನು ಮಾತ್ರ ಕೆಲಸದವರಿಗೆ ಓದಿ ಹೇಳುವುದು ಅನ್ಯಾಯ. ನಾನು ಎರಡನ್ನೂ ಬರೆದು ಕಟಿಂಗ್ ಮೇಜಿನ ಮೇಲೆ ಅಂಟಿಸಿದ್ದೇನೆ.

ಮೊದಲ ಸೀಸನ್‌ನಲ್ಲಿ ದುಡಿಮೆ ಕಡಿಮೆ ಆಯಿತು, ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು. ನಮ್ಮ ಯಜಮಾನರ ಸಂಬಳ ಇದ್ದದ್ದಕ್ಕೆ ಮನೆ ನಡೆಯಿತು. ಅದೂ ಇಲ್ಲದವರಿಗೆ ನನ್ನ ಹಾಗೆ ಮಾಡಿ ಅಂತ ಹೇಳುವ ಧೈರ್ಯ ನನಗಿಲ್ಲ. “ಇಷ್ಟು ವರ್ಷದ ಗಿರಾಕಿಗೇ ಆಗುವುದಿಲ್ಲ ಅಂತೀರಾ?” ಅಂತ ಸಿಟ್ಟು ಮಾಡಿ ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಈಗಲೂ ತಪ್ಪುತ್ತದೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಏಳು ರವಿಕೆ ತಡವಾಯಿತು. ಏಳು ಮಂದಿಗೂ ಹಿಂದಿನ ದಿನವೇ ಫೋನ್ ಮಾಡಿ, ಬರಬೇಡಿ, ಆಗಿಲ್ಲ ಅಂತ ಹೇಳಿದೆ.

ಬೀಡಿ ಕಟ್ಟುವ ಆ ಹೆಂಗಸು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಅವರ ಫೋನ್ ನಂಬರ್ ನಾನು ಬರೆದಿಟ್ಟಿರಲಿಲ್ಲ. ಅಳತೆ ಮಾತ್ರ ಹಳೇ ಪುಸ್ತಕದಲ್ಲಿದೆ. ಉದ್ದ 14, ಎದೆ 36, ತೋಳು 9. ಪಕ್ಕದಲ್ಲಿ ‘ಶನಿವಾರ ಖಂಡಿತ’ ಅಂತ ನನ್ನದೇ ಕೈಬರಹ.