ಹೊಸ ಬಣ್ಣಕ್ಕೆ ಮೂವತ್ತು ವರ್ಷದ ಬಿಸಿಲು, ಮಳೆ

ಮಂಡ್ಯದಿಂದ ಮೈಸೂರಿಗೆ ಹೋಗುವ ಹಳೇ ರಸ್ತೆಯ ಒಂದು ಹೋಟೆಲಿನ ಮುಂದೆ, ಬಾನೆಟ್ ಚಾಚಿದ ಹಳೇ ಟಾಟಾ ಲಾರಿಯೊಂದನ್ನು ತಂದು ನಿಲ್ಲಿಸಿದ್ದರು. ಗುಜರಿಗೆ ಹೋಗಬೇಕಿದ್ದ ಗಾಡಿ ಉಳಿಯಿತಲ್ಲ ಎಂದು ಖುಷಿಯಿಂದ ಇಳಿದು ನೋಡಿದೆ. ಹೊಸ ಬಣ್ಣ ಬಳಿದು, ಅದು ಹಳತಾಗಿ ಕಾಣಲೆಂದು ಮೈತುಂಬ ಅಂಗೈಯಗಲದ ಕಿತ್ತಳೆ ಮಚ್ಚೆ ಹಚ್ಚಿದ್ದರು. ಎಡಬಾಗಿಲಿಗೆ ಎಷ್ಟೋ ಬಲಬಾಗಿಲಿಗೂ ಅಷ್ಟೇ. ಚಾವಣಿಗೆ ಎಷ್ಟೋ ಟ್ಯಾಂಕಿನ ಕೆಳಗೂ ಅಷ್ಟೇ. ದುಡಿದ ಲಾರಿಯ ಹಾಗಲ್ಲ, ಸಿಡುಬು ಎದ್ದ ಲಾರಿಯ ಹಾಗಿತ್ತು. ಆಮೇಲೆ ಇಂಥವು ಇನ್ನೂ ನಾಲ್ಕೈದು ಕಂಡವು. ಎಲ್ಲರದೂ ಒಂದೇ ತಪ್ಪು. ಹೊಸ ಬಣ್ಣ ನಿಜವಾಗಿ ದುಡಿದು ಸವೆದಂತೆ ಕಾಣಬೇಕಾದರೆ ಏನು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ.

ಸವೆತಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಬಿಸಿಲೋ, ನೀರೋ, ಕೈಯೋ, ಕಲ್ಲೋ, ಹೊರೆಯೋ ತಾಗದೆ ಬಣ್ಣ ತಾನಾಗಿ ಹೋಗುವುದಿಲ್ಲ. ಬಣ್ಣ ಉಜ್ಜುವ ಮರಳುಕಾಗದ ಕೈಗೆ ತೆಗೆದುಕೊಳ್ಳುವ ಮೊದಲು, ಆ ಜಾಗ ಯಾವುದರಿಂದ ಸವೆದಿರುತ್ತದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದ ಕಡೆ ಉಜ್ಜಬಾರದು.

ತೊಳೆದು ಅಣಿಮಾಡುವುದು

ಸೋಪುನೀರಲ್ಲಿ ತೊಳೆದು, ಡೀಸೆಲ್ ಜಿಡ್ಡು ತೆಗೆದು, ತೂತುಬಿದ್ದ ತಗಡಿಗೆ ಟಿಂಕರಿಂಗ್ ಮಾಡಿಸಿ. ಹಳೇ ಬಣ್ಣವನ್ನು ಮಾತ್ರ ಒಣಗಿದ ಸ್ಥಿತಿಯಲ್ಲಿ ಉಜ್ಜಬೇಡಿ. ಆ ಕಾಲದ ಹಳದಿ, ಕೇಸರಿ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಪದರ ಕಟ್ಟುವುದು

ಎರಡು ಕೋಟ್ ರೆಡ್ ಆಕ್ಸೈಡ್ (ತಗಡಿಗೆ ಮೊದಲು ಬಳಿಯುವ ಕೆಂಪು ಪ್ರೈಮರ್), ಅದರ ಮೇಲೆ ಲಾರಿಯ 'ಹಿಂದಿನ' ಬಣ್ಣ ಒಂದು ಕೋಟ್, ಅದರ ಮೇಲೆ 'ಈಗಿನ' ಬಣ್ಣ ತೆಳ್ಳಗೆ. ದುಡಿಯುವ ಲಾರಿ ತನ್ನ ಆಯುಸ್ಸಿನಲ್ಲಿ ಎರಡು ಮೂರು ಸಲವಾದರೂ ಬಣ್ಣ ಕಂಡಿರುತ್ತದೆ, ಒಂದರಡಿಯಿಂದ ಇನ್ನೊಂದು ಇಣುಕಲೇಬೇಕು. ಮೇಲಿನ ಬಣ್ಣ ನೀಲಿ ಅಥವಾ ಹಸಿರು ಇರಲಿ, ಒಳಗಿನದು ಹಳದಿ ಇಲ್ಲವೇ ಕೆನೆಬಣ್ಣ. ಕೆಂಪು, ಕೇಸರಿ ಬಳಿದರೆ ತುಕ್ಕಿನ ಬಣ್ಣ ಅದರಲ್ಲೇ ಮುಳುಗಿಹೋಗುತ್ತದೆ.

ಮೂರೂ ಪದರಕ್ಕೆ ಒಂದೇ ಜಾತಿಯ ಬಣ್ಣ ಬಳಸಿ. ಸಾದಾ ಎನಾಮಲ್ ಮೇಲೆ ನೈಟ್ರೋಸೆಲ್ಯುಲೋಸ್‌ನ, ಬೇಗ ಒಣಗುವ ಎನ್‌ಸಿ ಬಣ್ಣ ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸುತ್ತದೆ, ಮೈ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಬೇಗ ಒಣಗಲಿ ಎಂದು ಹೀಗೆ ಮಾಡಿ ಇಡೀ ಕ್ಯಾಬಿನ್ ಕೆರೆದವರನ್ನು ನೋಡಿದ್ದೇನೆ.

ಬಾಗಿಲ ಮೇಲಿನ ಬರಹವನ್ನೂ ಈ ಹಂತದಲ್ಲೇ, ಕುಂಚದಿಂದಲೇ ಬರೆಸಿ. 'ಶ್ರೀ ಚಾಮುಂಡೇಶ್ವರಿ ಪ್ರಸನ್ನ' ಆಗಲಿ, ಊರಿನ ಹೆಸರಾಗಲಿ, ಬಾಗಿಲಿನ ಜೊತೆಗೇ ಸವೆಯಬೇಕು. ಸ್ಟಿಕರ್ ಬೇಡವೇ ಬೇಡ. ಅದು ಸವೆಯುವುದಿಲ್ಲ, ಅಂಚಿನಲ್ಲಿ ಸುಲಿಯುತ್ತದೆ.

ಎಲ್ಲ ಮುಗಿದ ಮೇಲೆ ಕನಿಷ್ಠ ಹತ್ತು ದಿನ ಮುಟ್ಟಬೇಡಿ. ಎನಾಮಲ್ ಮೇಲ್ಮೈ ಒಂದು ರಾತ್ರಿಗೆ ಒಣಗುತ್ತದೆ, ಒಳಗೆ ಗಟ್ಟಿಯಾಗಲು ದಿನಗಳು ಬೇಕು. ಹಸಿಯಿದ್ದಾಗ ಉಜ್ಜಿದರೆ ಕಾಗದಕ್ಕೆ ಅಂಟಿಕೊಂಡು ಗಂಟುಗಂಟಾಗಿ ಬರುತ್ತದೆ. ಸಂಕ್ರಾಂತಿ ಕಳೆದ ಮೇಲಿನ ಒಣಬಿಸಿಲು ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಸವೆಸುವುದು

ಕೆಲಸ ಕೆಡುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಸವೆತದಲ್ಲಿ ಎರಡು ಜಾತಿ: ಉಜ್ಜಿಹೋದದ್ದು ಮತ್ತು ಎಗರಿಹೋದದ್ದು. ಕೈ, ಮೊಣಕೈ, ಹಗ್ಗ, ಮಳೆ, ಬಿಸಿಲು ಇವೆಲ್ಲ ಬಣ್ಣವನ್ನು ಮೆಲ್ಲಗೆ ತೆಳುಮಾಡುತ್ತವೆ. ಅಲ್ಲಿ ಪದರಗಳು ಕುಯ್ದ ಈರುಳ್ಳಿಯ ಬಳೆಗಳಂತೆ ಒಂದರೊಳಗೊಂದು ಕಾಣುತ್ತವೆ: ಹೊರಗೆ ನೀಲಿ, ಒಳಗೆ ಹಳದಿ, ಆಮೇಲೆ ರೆಡ್ ಆಕ್ಸೈಡ್, ನಟ್ಟನಡುವೆ ಬರಿ ತಗಡು. ಕಲ್ಲು, ಸರಪಳಿ, ಕಬ್ಬಿನ ಬುಡ ತಾಗಿದ ಕಡೆ ಬಣ್ಣ ಚಕ್ಕೆಯಾಗಿ ಎಗರುತ್ತದೆ, ಅಂಚು ಹರಿತವಾಗಿರುತ್ತದೆ, ಬಳೆ ಇರುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಬಂದರೆ, ನೋಡುವವರಿಗೆ ಏನು ತಪ್ಪೆಂದು ಹೇಳಲು ಬರದಿದ್ದರೂ ಕಣ್ಣು ಒಪ್ಪುವುದಿಲ್ಲ.

ಚಕ್ಕೆ ಎಗರಿಸಲು ತಯಾರಿ ಮೊದಲೇ ಆಗಬೇಕು. ಮೇಲಿನ ಬಣ್ಣ ಹೊಡೆಯುವ ಮುಂಚೆ, ಬೇಕಾದ ಕಡೆ ಮೇಣದಬತ್ತಿ ತಿಕ್ಕಿ, ಅಥವಾ ನೀರು ಚಿಮುಕಿಸಿ ಕಲ್ಲುಪ್ಪು ಉದುರಿಸಿ, ನೀರು ಆರಲು ಬಿಡಿ. ಅದರ ಮೇಲೆ ಬಣ್ಣ ಹೊಡೆದು, ಗಟ್ಟಿಯಾದ ಮೇಲೆ ಉಗುರಿನಿಂದಲೋ ಪ್ಲಾಸ್ಟಿಕ್ ತುಂಡಿನಿಂದಲೋ ಕೆರೆದರೆ ಅಷ್ಟೇ ಜಾಗ ಎದ್ದುಬರುತ್ತದೆ. ಮುಂದಿನ ಮಡ್‌ಗಾರ್ಡಿನ ಮೂತಿ, ಹೆಡ್‌ಲೈಟಿನ ಸುತ್ತ, ಡಾಲಾದ (ಸರಕು ತುಂಬುವ ಕಡೆಯ ಪಕ್ಕದ ಹಲಗೆ) ಮೇಲಂಚು, ಇಷ್ಟು ಕಡೆ ಸಾಕು. ಮೇಣ ಹಚ್ಚಿದ ಕಡೆ ಕೊನೆಗೆ ಟರ್ಪೆಂಟೈನ್‌ನಿಂದ ಒರೆಸಲು ಮರೆಯಬೇಡಿ, ಇಲ್ಲದಿದ್ದರೆ ಮೇಲೆ ಏನೂ ಹಿಡಿಯುವುದಿಲ್ಲ.

ಉಜ್ಜಲು 320 ನಂಬರಿನ ವಾಟರ್ ಪೇಪರ್ (ನೀರಲ್ಲಿ ಅದ್ದಿ ಉಜ್ಜುವ ಮರಳುಕಾಗದ), ಅಂಚು ಕರಗಿಸಲು 600, ಕೊನೆಗೆ ಸ್ಕಾಚ್‌ಬ್ರೈಟ್. ಬಕೆಟ್ ನೀರಿಗೆ ನಾಲ್ಕು ಹನಿ ಸೋಪು ಹಾಕಿ. ಮೆಷಿನ್ ಮುಟ್ಟಬೇಡಿ. ಅದು ಬಿಡಿಸುವ ಸುರುಳಿಗೀರುಗಳು ಯಾವ ಮಳೆಯೂ ಬಿಡಿಸದ ಗೀರುಗಳು. ಚಾವಣಿ, ಬಾನೆಟ್‌ಗಳನ್ನು ಮುಂದಿನಿಂದ ಹಿಂದಕ್ಕೆ, ಬಾಗಿಲನ್ನು ಮೇಲಿಂದ ಕೆಳಕ್ಕೆ ಉಜ್ಜಿ. ಗಾಳಿ ಮತ್ತು ನೀರು ಹೋಗುವ ದಾರಿ ಅದು.

ಜಾಗ ಹಿಡಿಯುವುದು ಹೀಗೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಬಲಬಾಗಿಲ ಕಿಟಕಿಯ ಕೆಳಪಟ್ಟಿ ಅವನ ಮೊಣಕೈಯಿಂದ ಸವೆಯುತ್ತದೆ, ಹೆಚ್ಚೆಂದರೆ ಒಂದು ಗೇಣು ಉದ್ದ, ನುಣ್ಣಗೆ. ಎಡಬಾಗಿಲು ಕ್ಲೀನರ್‌ನದು. ರಿವರ್ಸ್ ತೆಗೆಯುವಾಗ 'ಬರ್ಲಿ, ಬರ್ಲಿ' ಎನ್ನುತ್ತ ಅಂಗೈಯಿಂದ ಬಡಿಯುತ್ತಿದ್ದನಲ್ಲ, ಆ ಜಾಗ ಕಿಟಕಿಯ ಕೆಳಗೆ ಹೊರಮೈಯಲ್ಲಿದೆ. ಅಲ್ಲಿ ಒಂದು ಅಗಲವಾದ ಮಸುಕು ಬೇಕು, ತಗಡು ಕಾಣಬಾರದು, ಹಳದಿ ಕಂಡರೆ ಸಾಕು. ಹಿಡಿಕೆಯ ಸುತ್ತ ಬೆರಳು ತಾಗುವಷ್ಟು. ಫುಟ್‌ಬೋರ್ಡಿನ ನಡುವೆ ಮಾತ್ರ ತಗಡಿನವರೆಗೆ, ಮೂಲೆಗಳಲ್ಲಿ ಬಣ್ಣ ಉಳಿಯಬೇಕು, ಮೂಲೆಗೆ ಯಾರೂ ಕಾಲಿಡುವುದಿಲ್ಲ. ಕಬ್ಬು ಹೊತ್ತ ಲಾರಿಯಾದರೆ ಹಗ್ಗ ಬಿಗಿದ ಕೊಕ್ಕೆಗಳ ಮೇಲೆ, ಡಾಲಾಗೆ ಅಡ್ಡಡ್ಡ ಗೀರುಗಳು. ಅನುಮಾನವಿದ್ದರೆ ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆ ಕಡೆ ಹೋಗಿ, ಸಾಲುನಿಂತ ಗಾಡಿಗಳನ್ನು ಅರ್ಧ ದಿನ ನೋಡಿ ಬನ್ನಿ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಚಾವಣಿ, ಬಾನೆಟ್ ಮೇಲ್ಮೈಗಳದು ಬೇರೆ ಕಥೆ. ಬಿಸಿಲಿಗೆ ಬಣ್ಣವನ್ನು ಹಿಡಿದಿಡುವ ಅಂಟು ಒಡೆದು ವರ್ಣದ ಪುಡಿ ಮಾತ್ರ ಉಳಿಯುತ್ತದೆ. ಹಳೇ ಲಾರಿ ಸವರಿದರೆ ಕೈಗೆ ಸುಣ್ಣದಂತೆ ಹತ್ತುವುದು ಅದೇ. ಅಲ್ಲಿ ಸ್ಕಾಚ್‌ಬ್ರೈಟ್‌ನಿಂದ ಹೊಳಪು ಕೊಂದು, ತುಂಬಾ ತೆಳುಮಾಡಿದ ಕೆನೆಬಣ್ಣವನ್ನು ಬಟ್ಟೆಯಿಂದ ಹಚ್ಚಿ, ಕೂಡಲೇ ಒರೆಸಿ. ಕಿಟಕಿಯ ಮೇಲಿನ ನೆರಳುಪಟ್ಟಿಯ ಅಡಿ, ಬಾಗಿಲ ಒಳಮೈ ಇವನ್ನು ಮುಟ್ಟದೆ ಬಿಡಿ. ಬಾಗಿಲು ತೆಗೆದಾಗ ಒಳಗೆ ಗಾಢವಾದ ನೀಲಿ ಕಂಡರೆ ಹೊರಗಿನ ಮಾಸಲು ನಿಜವೆನಿಸುತ್ತದೆ.

ಪ್ರತಿ ಹತ್ತು ನಿಮಿಷಕ್ಕೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಇನ್ನೊಂಚೂರು ಬೇಕು ಅನ್ನಿಸುವಾಗಲೇ ನಿಲ್ಲಿಸಿ, ಮಾರನೇ ದಿನ ಬೆಳಗಿನ ಓರೆಬಿಸಿಲಿನಲ್ಲಿ ತೀರ್ಮಾನಿಸಿ. ಉಜ್ಜಿದ್ದನ್ನು ವಾಪಸ್ ಹಾಕಲು ಆಗುವುದಿಲ್ಲ.

ತುಕ್ಕು

ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ 1962ರಿಂದ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಹಚ್ಚಿದ ಮೇಲೆ ಬೆಳಕು ತಾಗಿದಂತೆ ಅದು ಕಪ್ಪಾಗುತ್ತ ಹೋಗುತ್ತದೆ, ಅದರಲ್ಲಿರುವ ಸಿಲ್ವರ್ ನೈಟ್ರೇಟ್‌ನ ಗುಣ ಅದು. ತುಕ್ಕನ್ನೂ ಹಾಗೆಯೇ ತಗಡಿನಲ್ಲಿ ಬೆಳೆಯಲು ಬಿಡಬೇಕು. ಡಬ್ಬಿಯಲ್ಲಿ ಬರುವ ತುಕ್ಕಿನ ಸ್ಪ್ರೇ ಎಲ್ಲ ಒಂದೇ ಕಿತ್ತಳೆ. ನಿಜವಾದ ತುಕ್ಕು ಹೊಸದಿದ್ದಾಗ ಕಿತ್ತಳೆ, ಹಳತಾದಂತೆ ಕಡುಕಂದು. ಹಸಿ ಬಣ್ಣಕ್ಕೆ ಕಾಫಿಪುಡಿ ಎರಚುವವರೂ ಇದ್ದಾರೆ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ.

ತುಕ್ಕು ಬರಿಸುವ ದ್ರಾವಣ ಇದು: ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಅರ್ಧ ಲೀಟರ್, ವಿನಿಗರ್ 60 ಮಿಲಿ, ಉಪ್ಪು ಅರ್ಧ ದೊಡ್ಡ ಚಮಚ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಕೆಲಸ ಬಯಲಲ್ಲಿ. ತಗಡು ಕಾಣುವ ಕಡೆ ಮಾತ್ರ ಹಚ್ಚಿ. ಕೆಲವೇ ನಿಮಿಷದಲ್ಲಿ ಕಿತ್ತಳೆಯಾಗುತ್ತದೆ, ಒಣಗಿದ ಮೇಲೆ ಮತ್ತೆ ಹಚ್ಚಿದರೆ ಗಾಢವಾಗುತ್ತದೆ. ಉಳಿದ ದ್ರಾವಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಒಳಗೆ ಗಾಳಿ ತುಂಬಿ ಸಿಡಿಯಬಹುದು. ನೀರು ಬೆರೆಸಿ ಚೆಲ್ಲಿ. ಬಾತ್‌ರೂಮ್ ಆಸಿಡ್ ಹಾಕಿದರೆ ಬೇಗ ಆಗುತ್ತದೆ ಎನ್ನುವವರ ಮಾತು ಕೇಳಲೇಬೇಡಿ. ಅದರ ಹೊಗೆ ಎದೆಗೆ ಕೆಟ್ಟದ್ದು, ಸಂದುಗಳಲ್ಲಿ ಉಳಿದು ತಗಡನ್ನು ತಿನ್ನುತ್ತಲೇ ಇರುತ್ತದೆ.

ಬೋಲ್ಟು, ಬೆಸುಗೆಗಳಿಂದ ಕೆಳಗಿಳಿಯುವ ತುಕ್ಕಿನ ಗೆರೆಗಳನ್ನು ಇದೇ ದ್ರಾವಣದ ಕಿತ್ತಳೆ ನೀರಿನಿಂದ ಸಣ್ಣ ಕುಂಚದಲ್ಲಿ ಎಳೆಯಿರಿ, ಕೆಳಗೆ ಹೋದಂತೆ ಮಾಸಲಿ. ಬಾಗಿಲ ಬುಡದಲ್ಲಿ ಹೆಚ್ಚು ತುಕ್ಕು ಇರಲಿ, ಕಿಟಕಿಯಿಂದ ಇಳಿದ ನೀರು ನಿಲ್ಲುವುದು ಅಲ್ಲೇ. ಸಾಕಾದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ, ಆಮೇಲೆ ಬರಿ ನೀರಿನಿಂದ ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿಯಬಾರದು. ಎರಡು ದಿನ ಬಿಸಿಲಿಗೆ ಬಿಡಿ.

ಕಾಪು

ಹಾರ್ಡ್‌ನರ್ ಬೆರೆಸುವ ಮ್ಯಾಟ್ ಕ್ಲಿಯರ್, ಅಂದರೆ ಹೊಳಪಿಲ್ಲದ ಪಾರದರ್ಶಕ ಲೇಪ, ಹೆಚ್ಚು ಬಾಳುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ಎಂಬ, ಉಸಿರಾಟಕ್ಕೆ ಕೆಟ್ಟ ರಾಸಾಯನಿಕ ಇರುತ್ತದೆ, ಕರವಸ್ತ್ರ ಕಟ್ಟಿಕೊಂಡು ಹೊಡೆಯುವಂಥದ್ದಲ್ಲ. ಬಣ್ಣ ಹೊಡೆಯುವ ಬೂತ್ ಇರುವ ಗ್ಯಾರೇಜಿಗೇ ಕೊಡಿ, ಎನಾಮಲ್ ಸುಕ್ಕಾಗುತ್ತದೋ ಎಂದು ಬಾಗಿಲ ಒಳಗೆ ಮೊದಲು ಪರೀಕ್ಷಿಸಿ. ಹೊಳೆಯುವ ಕ್ಲಿಯರ್ ಹೊಡೆದರೆ ಇಷ್ಟು ದಿನದ ಕೆಲಸ ಉಪ್ಪಿನಕಾಯಿ ಜಾಡಿಯೊಳಗೆ ಇಟ್ಟಂತೆ ಕಾಣುತ್ತದೆ. ನಿಂತೇ ಇರುವ ಲಾರಿಗೆ ನಾನು ಹೇಳುವುದು ಕಾಯಿಸಿದ ಅಗಸೆ ಎಣ್ಣೆ, ಸಮಪಾಲು ಟರ್ಪೆಂಟೈನ್ ಬೆರೆಸಿ, ಬಟ್ಟೆಯಲ್ಲಿ ತೆಳ್ಳಗೆ. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಆ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಯಲಲ್ಲಿ ಹರವಿ ಒಣಗಿಸಿ.

ರಸ್ತೆಗಿಳಿಯುವ ಗಾಡಿಯಾದರೆ ಬಣ್ಣ ಬದಲಾದದ್ದನ್ನು ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕು. ನಂಬರ್ ಪ್ಲೇಟ್, ಪ್ರತಿಫಲಿಸುವ ಟೇಪ್, ದೀಪದ ಗಾಜುಗಳಿಗೆ ಯಾವ ವಯಸ್ಸೂ ಬೇಡ, ಅವು ಹೊಸದಾಗಿಯೇ ಇರಲಿ.

ಮೊದಲ ಜೋರುಮಳೆ ಬಂದ ಮಾರನೇ ದಿನ ಬೆಳಿಗ್ಗೆ ಬಾಗಿಲ ಬುಡಕ್ಕೆ ಬಿಳಿ ಬಟ್ಟೆ ಒತ್ತಿ ನೋಡಿ. ಕಿತ್ತಳೆ ಹತ್ತಿದರೆ ಕಾಪು ಅಲ್ಲಿ ಹಿಡಿದಿಲ್ಲ. ಅಷ್ಟು ಜಾಗವನ್ನು ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಮತ್ತೊಮ್ಮೆ ಎಣ್ಣೆ ಹಚ್ಚಿ.