ಕರುವಿನ ಥೈಮಸ್ ಗ್ರಂಥಿಯಿಂದ ಥೈಮೋಸಿನ್ ಬೇರ್ಪಡಿಸುವ ಕ್ರಮ

ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ಪಕ್ವವಾಗುವ ಥೈಮಸ್ ಗ್ರಂಥಿಯಿಂದ 1966ರಲ್ಲಿ ಅಲನ್ ಗೋಲ್ಡ್‌ಸ್ಟೈನ್ ಮತ್ತು ಅಬ್ರಹಾಂ ವೈಟ್ ಅವರ ತಂಡ ಥೈಮೋಸಿನ್ ಎಂಬ ಸಣ್ಣ ಪ್ರೋಟೀನ್‌ಗಳ ಮಿಶ್ರಣವನ್ನು ಬೇರ್ಪಡಿಸಿತು. ವಯಸ್ಸಾದಂತೆ ಈ ಗ್ರಂಥಿ ಕುಗ್ಗಿ ಕೊಬ್ಬು ತುಂಬಿಕೊಳ್ಳುವುದರಿಂದ, ಪಶುವೈದ್ಯರು ಆರೋಗ್ಯವಂತವೆಂದು ದೃಢೀಕರಿಸಿದ ಎಳೆಗರುವಿನ ಗ್ರಂಥಿಯನ್ನೇ ಬಳಸಬೇಕು. ಇಲ್ಲಿನ ಯಾವ ಹಂತವೂ ಮಿದುಳಿನ ರೋಗ ತರುವ ವಿಕೃತ ಪ್ರೋಟೀನ್‌ಗಳಾದ ಪ್ರಿಯಾನ್‌ಗಳನ್ನು ನಾಶಪಡಿಸುವುದಿಲ್ಲವಾದ್ದರಿಂದ ಈ ಎಚ್ಚರ ಅನಿವಾರ್ಯ. ಸಿಗುವ ಪುಡಿಯೂ ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ.

ಇಡೀ ಕೆಲಸದ ಫಲಿತಾಂಶವನ್ನು ನಿರ್ಧರಿಸುವುದು ಗ್ರಂಥಿಯನ್ನು ತೆಗೆದ ಕ್ಷಣದಿಂದ ಅದು ಬಿಸಿಯಾಗುವವರೆಗಿನ ಅವಧಿ. ಕೋಶಗಳು ಒಡೆದೊಡನೆ ಅವುಗಳೊಳಗಿನ ಪ್ರೋಟಿಯೇಸ್ ಕಿಣ್ವಗಳು ಪ್ರೋಟೀನನ್ನು ತುಂಡರಿಸತೊಡಗುತ್ತವೆ. 28 ಅಮೈನೋ ಆಮ್ಲಗಳ ಥೈಮೋಸಿನ್ ಆಲ್ಫಾ-1 ಕೂಡ ಪ್ರೋಥೈಮೋಸಿನ್ ಆಲ್ಫಾ ಎಂಬ ದೊಡ್ಡ ಪ್ರೋಟೀನಿನ ತುಂಡೇ. ಅಂಗಾಂಶವನ್ನು ತಕ್ಷಣ ಹೆಪ್ಪುಗಟ್ಟಿಸಿ ನೇರವಾಗಿ ಕುದಿಸಿದಾಗ ಮೂಲ ಪ್ರೋಟೀನ್ ಇಡಿಯಾಗಿ ಸಿಗುವುದು 1984ರಲ್ಲಿ ಕಂಡುಬಂತು. ಆದ್ದರಿಂದ ಗ್ರಂಥಿಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಅರೆಯುವ ಹೊತ್ತಿಗಷ್ಟೇ ಹೊರತೆಗೆಯಬೇಕು.

ಕೊಬ್ಬು ಮತ್ತು ಪೊರೆಯನ್ನು ಬಿಡಿಸಿದ ಅಂಗಾಂಶವನ್ನು ಅದರ ಮೂರು ಪಟ್ಟು ತಣ್ಣನೆಯ 0.9% ಉಪ್ಪುನೀರಿನಲ್ಲಿ ಅರೆದು, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 14,000 ಜಿ (ಗುರುತ್ವದ 14,000 ಪಟ್ಟು) ಬಲದಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಸೋಸಿಕೊಳ್ಳಬೇಕು. ಅದನ್ನು ಕಲಕುತ್ತ 80 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ಬೇಡದ ಪ್ರೋಟೀನ್‌ಗಳು ಬಿಳಿಯ ಗರಣೆಯಾಗಿ ಒಡೆಯುತ್ತವೆ. ನಿಶ್ಚಿತ ಮಡಿಕೆಗಳಿಲ್ಲದ ಥೈಮೋಸಿನ್‌ಗಳಾದರೋ ದ್ರವದಲ್ಲೇ ಉಳಿಯುತ್ತವೆ. ಗರಣೆಯನ್ನು ಸೋಸಿ ದ್ರವವನ್ನು ತಣಿಸಿ, ಮೈನಸ್ 10 ಡಿಗ್ರಿಯ ಅಸಿಟೋನಿಗೆ ನಿಧಾನವಾಗಿ ಸುರಿದು, ಕರಗದೆ ಬೇರ್ಪಟ್ಟು ಬೀಳುವ ಒತ್ತರವನ್ನು ಸಂಗ್ರಹಿಸಿ ಒಣಗಿಸಬೇಕು. ಅಸಿಟೋನಿನ ಆವಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಈ ಕೆಲಸ ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನೊಳಗೇ ಆಗಬೇಕು.

ಒಣಗಿದ ಪುಡಿಯನ್ನು ಪಿಎಚ್ (ಆಮ್ಲೀಯತೆಯ ಅಳತೆ) 7ರಲ್ಲೇ ನಿಲ್ಲುವಂತೆ ಮಾಡುವ ಫಾಸ್ಫೇಟ್ ಬಫರಿನಲ್ಲಿ ಕರಗಿಸಿ, ಅಮೋನಿಯಂ ಸಲ್ಫೇಟನ್ನು 25% ಸಂತೃಪ್ತಿಯವರೆಗೆ (ಕರಗಬಲ್ಲ ಗರಿಷ್ಠ ಪ್ರಮಾಣದ ಕಾಲು ಭಾಗದಷ್ಟು) ಬೆರೆಸಿದಾಗ ಬೀಳುವ ಒತ್ತರವನ್ನು ತೆಗೆದುಹಾಕಬೇಕು. ಉಳಿದ ದ್ರವದ ಪಿಎಚ್ ಅನ್ನು 4ಕ್ಕೆ ಇಳಿಸಿ 50% ಸಂತೃಪ್ತಿಗೆ ಏರಿಸಿದಾಗ ಬೀಳುವುದೇ ನಮಗೆ ಬೇಕಾದ ಭಾಗ. ಉಪ್ಪನ್ನು ನೀಗಿಸಿದ ಮೇಲೆ ಇದನ್ನು ಥೈಮೋಸಿನ್ ಫ್ರ್ಯಾಕ್ಷನ್-5 ಎನ್ನುತ್ತಾರೆ. ಉಪ್ಪು ತೆಗೆಯಲು ಸಣ್ಣ ಅಣುಗಳನ್ನು ಹೊರಬಿಡುವ ಸಾಮಾನ್ಯ ಡಯಾಲಿಸಿಸ್ ಚೀಲ ಬಳಸಿದರೆ ಸುಮಾರು 3,100 ಡಾಲ್ಟನ್ (ಅಣುತೂಕದ ಮಾನ) ತೂಕದ ಆಲ್ಫಾ-1 ಚೀಲದ ರಂಧ್ರಗಳಿಂದ ನೀರಿನ ಜೊತೆಗೇ ಹೊರಟುಹೋಗುತ್ತದೆ. ಹೀಗಾಗಿ 1,000 ಡಾಲ್ಟನ್‌ಗಿಂತ ದೊಡ್ಡ ಅಣುಗಳನ್ನು ತಡೆಯುವ ಪೊರೆಯನ್ನೇ ಆರಿಸಿಕೊಳ್ಳುವುದು ಒಳಿತು.

ಅಳೆಯುವಾಗಲೂ ಇಂಥದೇ ಎಚ್ಚರ ಬೇಕು. ಆಲ್ಫಾ-1ರಲ್ಲಿ ಟ್ರಿಪ್ಟೋಫಾನ್ ಆಗಲಿ ಟೈರೋಸಿನ್ ಆಗಲಿ ಎಂಬ ಬೆಳಕು ಹೀರುವ ಅಮೈನೋ ಆಮ್ಲಗಳಿಲ್ಲದ ಕಾರಣ, ಪ್ರೋಟೀನ್‌ಗಳನ್ನು ಸಾಮಾನ್ಯವಾಗಿ ಅಳೆಯುವ ಬೆಳಕಿನ ತರಂಗಾಂತರವಾದ 280 ನ್ಯಾನೋಮೀಟರ್‌ನಲ್ಲಿ ಅದು ಕಾಣಿಸುವುದೇ ಇಲ್ಲ. ಅಮೈನೋ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಬಂಧವೇ ಬೆಳಕನ್ನು ಹೀರುವ 214 ನ್ಯಾನೋಮೀಟರ್‌ನಲ್ಲಿ ಅಳೆಯಬೇಕು.